ಆ ಚಿತ್ರದಲ್ಲಿ ಚೇತರಿಕೆ ಎಲ್ಲಿದೆ?

ಪ್ರಶ್ನೆ: ಇಂಗ್ಲಿಷ್ ಚಿತ್ರಕಾರ ವಿಲಿಯಂ ಹೋಗಾರ್ತ್‌ನ ‘ಸೌತ್ ಸೀ’ ಅಚ್ಚುಚಿತ್ರದ ಪ್ರತಿಯೊಂದು ನನ್ನ ಬಳಿ ಇದೆ. ಷೇರುಪೇಟೆ ಕುಸಿದು ಚೇತರಿಸಿಕೊಂಡ ಕಥೆ ಅದರಲ್ಲಿದೆ ಎಂದು ಎಲ್ಲೋ ಓದಿದ್ದೆ. ಎಷ್ಟು ನೋಡಿದರೂ ನನಗೆ ಬರೀ ಗದ್ದಲವೇ ಕಾಣುತ್ತದೆ. ಎಲ್ಲಿಂದ ನೋಡಲು ಶುರು ಮಾಡಲಿ?

ಉತ್ತರ: ನಿಮ್ಮ ಕಣ್ಣಿನ ತಪ್ಪಲ್ಲ. ಕುಸಿತ ಇದೆ, ಚೇತರಿಕೆ ಇಲ್ಲ. ಹೋಗಾರ್ತ್ ಇದನ್ನು ಕೆತ್ತಿದ್ದು 1721ರಲ್ಲಿ, ಇನ್ನೂ ಇಪ್ಪತ್ನಾಲ್ಕರ ಆಸುಪಾಸಿನ ಹುಡುಗನಾಗಿದ್ದಾಗ. 1720ರ ಆರಂಭದಲ್ಲಿ 128 ಪೌಂಡಿನ ಹತ್ತಿರವಿದ್ದ, ಬ್ರಿಟಿಷ್ ಸರ್ಕಾರದ ಸಾಲ ವಹಿಸಿಕೊಂಡಿದ್ದ ಸೌತ್ ಸೀ ಎಂಬ ವ್ಯಾಪಾರಿ ಕಂಪನಿಯ ಷೇರು ಬೇಸಿಗೆಯಲ್ಲಿ ಸಾವಿರದ ಸುತ್ತಮುತ್ತ ಹೋಗಿ, ವರ್ಷ ಮುಗಿಯುವಷ್ಟರಲ್ಲಿ ಹೊರಟಲ್ಲಿಗೇ ಬಂದು ಬಿದ್ದಿತ್ತು. ಗಾಯ ಹಸಿಯಾಗಿದ್ದಾಗ ಮಾಡಿದ ಚಿತ್ರ ಇದು.

ಮೊದಲು ಅಡಿಯಲ್ಲಿರುವ ಪದ್ಯ ಓದಿ. ಅದರಲ್ಲಿ ಬರುವ ಅಕ್ಷರಗುರುತುಗಳು ಚಿತ್ರದೊಳಗೂ ಇವೆ. ಬೀಗದ ಕೈ ಅಲ್ಲಿದೆ. ಚಕ್ರಕ್ಕೆ ಕಟ್ಟಿಸಿಕೊಂಡು ಮೂಳೆ ಮುರಿಸಿಕೊಳ್ಳುತ್ತಿರುವುದು ಪ್ರಾಮಾಣಿಕತೆ, ಮುರಿಯುತ್ತಿರುವವನು ಸ್ವಾರ್ಥ. ಚಾಟಿಯೇಟು ತಿನ್ನುತ್ತಿರುವುದು ಮಾನ. ಹೊಡೆಯುವವನು ನೀಚತನ, ಅವನ ಮುಖವಾಡ ಕಳಚಿ ಕಾಲ ಸಂದಿಯಲ್ಲಿ ತೂಗುತ್ತಿದೆ. ಬಲಗಡೆಯ ಕಂಬ 1666ರ ಲಂಡನ್ ಬೆಂಕಿಯ ಸ್ಮಾರಕದ ಅಣಕ. ಈ ನಗರವನ್ನು 1720ರಲ್ಲಿ ಸೌತ್ ಸೀ ಹಾಳುಗೆಡವಿದ ನೆನಪಿಗೆ ಎಂದು ಅದರ ಮೇಲೆ ಬರೆದಿದೆ.

ಈಗ ಚಕ್ರಗಳಿಗೆ ಬನ್ನಿ. ಯುರೋಪಿನ ಹಳೆಯ ಚಿತ್ರಗಳಲ್ಲಿ ಅದೃಷ್ಟದೇವತೆ ಒಂದು ಚಕ್ರ ತಿರುಗಿಸುತ್ತಾಳೆ. ಒಂದು ಕಡೆ ಬೀಳುವವನು, ಇನ್ನೊಂದು ಕಡೆ ಏರುವವನು. ಕುಸಿತ, ಚೇತರಿಕೆ ಎರಡೂ ಒಂದೇ ಚಕ್ರದಲ್ಲಿ. ಹೋಗಾರ್ತ್‌ನಲ್ಲಿ ಆ ದೇವತೆಯೇ ಕಸಾಯಿಖಾನೆಯ ಸರಕು: ಕಣ್ಣಿಗೆ ಬಟ್ಟೆ ಕಟ್ಟಿ ತೂಗುಹಾಕಿದ್ದಾರೆ, ಸೈತಾನ ದೊಡ್ಡ ಕುಡುಗೋಲಿನಿಂದ ಅವಳ ಮಾಂಸ ಕೊಯ್ದು ಜನರತ್ತ ಎಸೆಯುತ್ತಿದ್ದಾನೆ. ಉಳಿದ ಚಕ್ರಗಳಲ್ಲಿ ಒಂದು ಚಿತ್ರಹಿಂಸೆಯದು. ಇನ್ನೊಂದು ನಡುವೆ ಸುತ್ತುತ್ತಿರುವ ಮರಗುದುರೆಗಳ ಮೆರ್ರಿ-ಗೋ-ರೌಂಡ್, ‘ಯಾರು ಏರುತ್ತೀರಿ?’ ಎಂಬ ಕರೆ ಬೇರೆ. ಪಾದ್ರಿ, ಬೂಟು ಪಾಲಿಶ್ ಮಾಡುವವನು, ಮುದುಕಿ ಎಲ್ಲರೂ ಹತ್ತಿ ಕೂತಿದ್ದಾರೆ. ನೆಟ್ಟಗೆ ನಿಲ್ಲಿಸಿದ ಚಕ್ರವಾದರೆ ಬಿದ್ದವನು ಮತ್ತೆ ಮೇಲೆ ಬಂದಾನು. ಇದು ಮಲಗಿಸಿದ ಚಕ್ರ, ಎಷ್ಟು ಸುತ್ತಿದರೂ ಇದ್ದ ಎತ್ತರವೇ. ಇದು ನನ್ನ ಓದು, ಒಪ್ಪಲೇಬೇಕೆಂದಿಲ್ಲ.

ಚೇತರಿಕೆಯ ಕೆಲಸ ನಡೆದದ್ದು ಚಿತ್ರದ ಹೊರಗೆ. ಪಾರ್ಲಿಮೆಂಟು ನಿರ್ದೇಶಕರ ಆಸ್ತಿ ಮುಟ್ಟುಗೋಲು ಹಾಕಿತು, ಮಂತ್ರಿ ರಾಬರ್ಟ್ ವಾಲ್ಪೋಲ್ ಸರ್ಕಾರಿ ಸಾಲದ ಲೆಕ್ಕ ಸರಿಪಡಿಸಲು ಹೊರಟ. ಚಿತ್ರದೊಳಗೇ ಹುಡುಕುತ್ತೇನೆ ಎಂದರೆ ಕೆಳಗೆ ಬಲಮೂಲೆ ನೋಡಿ. ಯಾರ ಕಣ್ಣಿಗೂ ಬೀಳದೆ ಒಬ್ಬ ನೆಲಕ್ಕೊರಗಿದ್ದಾನೆ. ಅವನು ವ್ಯಾಪಾರ. ಅವನು ಎದ್ದರೆ ತಾನೆ ಮುಂದಿನ ಮಾತು! ಹೋಗಾರ್ತ್ ಎಬ್ಬಿಸಿಲ್ಲ.

‘ಉಳಿದದ್ದನ್ನು ನೀವೇ ಊಹಿಸಿ, ಇನ್ನೂ ಸಿಗುತ್ತದೆ’ ಎಂಬ ಅರ್ಥದ ಮಾತಿನಿಂದ ಪದ್ಯ ಮುಗಿಯುತ್ತದೆ. ಒಂದು ಭೂತಗನ್ನಡಿ ಇಟ್ಟುಕೊಳ್ಳಿ. ಮೇಲಿನ ಬಾಲ್ಕನಿಯಲ್ಲಿ ಹೆಂಗಸರು ಸಾಲುಗಟ್ಟಿ ಒಳಗೆ ಹೋಗುತ್ತಿದ್ದಾರಲ್ಲ, ಅಲ್ಲಿನ ಫಲಕದ ಪ್ರಕಾರ ಒಳಗೆ ಲಾಟರಿಯಲ್ಲಿ ಗಂಡಂದಿರು ಸಿಗುತ್ತಾರೆ.