ವೈಲ್ಡ್ ಕಾರ್ಡ್ ಪಡೆದು ವಿಂಬಲ್ಡನ್ ಗೆದ್ದವರು

ಪ್ರಶ್ನೆ: ಕ್ರೊಯೇಷಿಯಾದ ಟೆನಿಸ್ ಆಟಗಾರ ಗೊರಾನ್ ಇವಾನಿಸೆವಿಚ್ ಗೆದ್ದದ್ದು ಒಂದೇ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ. ಆದರೂ ಅವರ ಹೆಸರು ಇಷ್ಟೊಂದು ಪ್ರಸಿದ್ಧವಾಗಿರಲು ಕಾರಣವೇನು?

ಉತ್ತರ: ಆ ಒಂದು ಪ್ರಶಸ್ತಿ ದಕ್ಕಿದ ರೀತಿಯೇ ಮುಖ್ಯ ಕಾರಣ. ಎಡಗೈನ ಬಿರುಸಾದ ಸರ್ವ್‌ಗೆ ಹೆಸರಾಗಿದ್ದ ಅವರು 1992ರಲ್ಲಿ ಆಂಡ್ರೆ ಅಗಾಸಿ ಎದುರು, 1994 ಮತ್ತು 1998ರಲ್ಲಿ ಪೀಟ್ ಸಾಂಪ್ರಾಸ್ ಎದುರು ವಿಂಬಲ್ಡನ್ ಫೈನಲ್‌ನಲ್ಲಿ ಸೋತಿದ್ದರು. ಒಂದು ಕಾಲಕ್ಕೆ ವಿಶ್ವದ 2ನೇ ಸ್ಥಾನದಲ್ಲಿದ್ದವರು ಭುಜದ ನೋವಿನಿಂದ 125ನೇ ಸ್ಥಾನಕ್ಕೆ ಕುಸಿದು, 2001ರಲ್ಲಿ ಸಂಘಟಕರು ನೀಡಿದ ವೈಲ್ಡ್ ಕಾರ್ಡ್ (ನೇರ ಅರ್ಹತೆ ಇಲ್ಲದವರಿಗೂ ಕೊಡುವ ವಿಶೇಷ ಪ್ರವೇಶ) ಬಲದಿಂದಷ್ಟೇ ಕಣಕ್ಕಿಳಿಯಬೇಕಾಯಿತು.

ಟಿಮ್ ಹೆನ್ಮನ್ ವಿರುದ್ಧದ ಸೆಮಿಫೈನಲ್ ಮಳೆಯಿಂದಾಗಿ ಮೂರು ದಿನ ಎಳೆದಾಡಿ, ಫೈನಲ್ ಸೋಮವಾರಕ್ಕೆ ಮುಂದೂಡಲ್ಪಟ್ಟಿತು. ಪ್ಯಾಟ್ ರಾಫ್ಟರ್ ಎದುರು ಐದನೇ ಸೆಟ್‌ನಲ್ಲಿ ಗೆಲುವಿಗೆ ಒಂದೇ ಪಾಯಿಂಟ್ ಬೇಕಿದ್ದಾಗ ಅವರು ಡಬಲ್ ಫಾಲ್ಟ್ ಮಾಡಿದರು, ಅಂದರೆ ಎರಡೂ ಸರ್ವ್ ತಪ್ಪಿ ಪಾಯಿಂಟ್ ಕಳೆದುಕೊಂಡರು. ಎರಡನೇ ಅವಕಾಶದಲ್ಲಿಯೂ ಅದೇ ಆಯಿತು. ಮೂರನೆಯದು ರಾಫ್ಟರ್ ತಲೆಯ ಮೇಲಿಂದ ಎತ್ತಿ ಹೊಡೆದ ಲಾಬ್‌ನಿಂದ ಕೈತಪ್ಪಿತು. ನಾಲ್ಕನೆಯದರಲ್ಲಿ ರಾಫ್ಟರ್ ಹಿಂದಿರುಗಿಸಿದ ಚೆಂಡು ನೆಟ್‌ಗೆ ಬಡಿದಾಗ ಸೆಟ್ 9-7ರಿಂದ ಮುಗಿಯಿತು. ವೈಲ್ಡ್ ಕಾರ್ಡ್ ಮೂಲಕ ಬಂದು ವಿಂಬಲ್ಡನ್ ಪುರುಷರ ಸಿಂಗಲ್ಸ್ ಗೆದ್ದವರಲ್ಲಿ ಅವರೇ ಮೊದಲಿಗರು.

ಅವರ ಸಿಟ್ಟೂ ಅಷ್ಟೇ ಪ್ರಸಿದ್ಧ. 2000ದಲ್ಲಿ ಬ್ರೈಟನ್‌ನಲ್ಲಿ ತಂದಿದ್ದ ರ‍್ಯಾಕೆಟ್‌ಗಳನ್ನೆಲ್ಲ ಮುರಿದುಕೊಂಡು, ಆಡಲು ಒಂದೂ ಉಳಿಯದೆ ಪಂದ್ಯವನ್ನೇ ಬಿಟ್ಟುಕೊಟ್ಟಿದ್ದರು! ಇಂಥವರು ಮುಂದೆ ತಾಳ್ಮೆಯ ತರಬೇತುದಾರರಾಗಿ ಮರಿನ್ ಸಿಲಿಚ್ ಅವರಿಗೆ 2014ರ ಅಮೆರಿಕ ಓಪನ್ ಗೆಲ್ಲಲು ನೆರವಾದದ್ದು, ಬಳಿಕ ನೊವಾಕ್ ಜೊಕೊವಿಚ್ ಅವರ ಜೊತೆ 2024ರವರೆಗೆ ದುಡಿದದ್ದು ನಮ್ಮ ದೃಷ್ಟಿಯಲ್ಲಿ ವಿಂಬಲ್ಡನ್ ಗೆಲುವಿಗಿಂತಲೂ ಅಚ್ಚರಿಯ ಸಂಗತಿ.