ಪಪ್ಪಾನ ಹೊಲ, ಅಪ್ಪನ ಬಂಡಿ

ಪ್ರಶ್ನೆ: ‘ನೀನ್ಯೊ ಬಿಯೆನ್’ (‘ದೊಡ್ಡ ಮನಿ ಹುಡುಗ’) ಎಂಬ ಸ್ಪ್ಯಾನಿಷ್ ಟ್ಯಾಂಗೋ ಹಾಡನ್ನು ನಮ್ಮ ತಂಡ ಕನ್ನಡದಾಗ ಹಾಡಬೇಕು ಅಂತದ. ಪಲ್ಲವಿಯ ಕೊನೆಗೆ ‘ನಿನ್ನ ಮುದುಕ ದಿನಾ ಫೈನಾ ಮಾರಲಿಕ್ಕೆ ಹೋಗ್ತಾನ’ ಅಂತ ಬರೆದೀವಿ. ಕೇಳಿದವರಿಗೆ ಏನೂ ತಟ್ಟವಲ್ದು. ಎಲ್ಲಿ ತಪ್ಪೇದ?
– ಓದುಗರು, ಕಲಬುರಗಿ

ಉತ್ತರ: ಮೊದಲ ತಪ್ಪು ‘ಮುದುಕ’. ಮೂಲದಲ್ಲಿರುವ ‘ವಿಯೆಹೊ’ ಪದಕ್ಕೆ ನಿಘಂಟಿನ ಅರ್ಥ ಅದೇ. ಆದರೆ ಉರುಗ್ವೆಯ ಮಾಂಟೆವಿಡಿಯೋ, ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಮನೆಮಾತಿನಲ್ಲಿ ಅದು ಅಪ್ಪ. 1927ರ ಈ ಹಾಡಿನ ಪಲ್ಲವಿಗೆ ಎಂಟು ಸಾಲು. ಆರು ಸಾಲು ಸಿರಿವಂತನಂತೆ ಮೆರೆಯುವ ಮಗನ ಬಡಾಯಿಗೆ: ದೊಡ್ಡ ಮನೆತನದ ಹೆಸರು, ಬಾರೇ ಆಫೀಸು, ಬಾಯಿ ತೆರೆದರೆ ‘ಪಪ್ಪಾನ ಎಸ್ಟೇಟು’. ಕೊನೆಯ ಎರಡೇ ಸಾಲು ಅಪ್ಪನಿಗೆ. ‘ಪಪಾ’ಗೆ ಪ್ರಾಸವಾಗಿ ಬಂದು ಕೂರುವುದೇ ‘ಫೈನಾ’. ಮಗನ ಬಾಯಲ್ಲಿ ‘ಪಪ್ಪಾ’, ಹಾಡಿನ ಬಾಯಲ್ಲಿ ‘ಅಪ್ಪ’ ಎಂದಿಡಿ. ಹಾಡಿನ ಜೀವ ಆ ವ್ಯತ್ಯಾಸದಲ್ಲೇ ಇದೆ.

ಎರಡನೆಯದು ಫೈನಾ. ಇಟಲಿಯ ಜಿನೋವಾದಿಂದ ವಲಸೆ ಬಂದವರ ತಿನಿಸು. ಒಂದು ಪಾಲು ಕಡಲೆಹಿಟ್ಟಿಗೆ ತೂಕದಲ್ಲಿ ಸುಮಾರು ಮೂರು ಪಾಲು ನೀರು, ಉಪ್ಪು, ಎಣ್ಣೆ; ದೊಡ್ಡ ದುಂಡು ತಟ್ಟೆಗೆ ತೆಳ್ಳಗೆ ಸುರಿದು ಬಿಸಿ ಭಟ್ಟಿಯಲ್ಲಿ ಬೇಯಿಸಿ ತುಂಡು ಮಾಡಿ ಮಾರುತ್ತಾರೆ. ಬಡವರ ಹೊಟ್ಟೆಗೆ ಅಗ್ಗದ ಆಸರೆ. ಇದನ್ನು ‘ರೊಟ್ಟಿ’ ಎಂದರೆ ಬೀದಿಯೇ ಮಾಯ. ‘ಮಿರ್ಚಿ ಭಜಿ ಬಂಡಿ’ ಎನ್ನಿ: ಅದೇ ಕಡಲೆಹಿಟ್ಟು, ಅದೇ ಬೀದಿ. ಹಾಗೆ ಮಾಡಿದರೆ ಎಸ್ಟೇಟು ಕೂಡ ‘ನೂರು ಎಕರೆ ತೊಗರಿ ಹೊಲ’ ಆಗಲೇಬೇಕು. ಅರ್ಧ ಅಲ್ಲಿಯದು, ಅರ್ಧ ಇಲ್ಲಿಯದು ಎಂದರೆ ಹಾಡು ಕುಂಟುತ್ತದೆ.

ಇನ್ನೊಂದನ್ನು ನೀವು ಬಿಟ್ಟಿರಬಹುದು. ‘ನೀನು’ ಎನ್ನಲು ಅಲ್ಲಿನ ಜನ ‘ವೋಸ್’ ಎನ್ನುವಲ್ಲಿ ಈ ಹುಡುಗ ಪುಸ್ತಕದ ‘ತಿ’ ಬಳಸುತ್ತಾನೆಂದು ಹಾಡು ಕುಟುಕುತ್ತದೆ. ನಿಮ್ಮ ಹುಡುಗ ‘ಹೊಂಟೀನಿ’ ಬಿಟ್ಟು ‘ಹೋಗ್ತಾ ಇದ್ದೀನಿ’ ಅನ್ನಲಿ. ಕಲಬುರಗಿಯಲ್ಲಿ ವಿವರಣೆಯೇ ಬೇಡ.

ಹಾಡುವವರಿಗೆ: ಆರು ಸಾಲು ಠೀವಿಯಿಂದ, ಕೊನೆಯ ಎರಡು ಸಾಲಿಗೆ ದನಿ ತಗ್ಗಿಸಿ. ಅಲ್ಲೂ ಅಣಕಿಸಿದರೆ ನಗು ಅಪ್ಪನ ಮೇಲೆ ಬೀಳುತ್ತದೆ. ಅದು ಅನ್ಯಾಯ.

ಪ್ರಶ್ನೆ: ಹೆಣ್ಣಿನ ಬಗ್ಗೆ ಇಂಥ ಹಾಡು ಇದೆಯೇ?
– ಓದುಗರು, ಬೀದರ್

ಉತ್ತರ: ಇದೆ, ಅರ್ಜೆಂಟೀನಾದ ಕವಿ ಸೆಲೆಡೋನಿಯೊ ಫ್ಲೋರೆಸ್ ಬರೆದ ಟ್ಯಾಂಗೋ ‘ಮಾರ್ಗೊ’. ಮಾರ್ಗರೀತಾ ಎಂಬವಳು ಶ್ರೀಮಂತರ ಸಹವಾಸದಲ್ಲಿ ಹೆಸರನ್ನೂ ಫ್ರೆಂಚ್ ಮಾಡಿಕೊಂಡು ಮಾರ್ಗೊ ಆಗುತ್ತಾಳೆ. ಅವಳವ್ವ ಒಲೆ ಹೊತ್ತಲೆಂದು ವಾರವಿಡೀ ಬಟ್ಟೆ ಒಗೆಯುತ್ತಾಳೆ. ಮನೆ ‘ಕೊನ್ವೆಂತಿಯೊ’ದಲ್ಲಿ: ಒಂದು ಅಂಗಳ, ಸುತ್ತ ಕೋಣೆಗಳು, ಕೋಣೆಗೊಂದು ಸಂಸಾರ. ಅದನ್ನು ‘ವಠಾರ’ ಎನ್ನಬಹುದು. ಅಲ್ಲಿ ಉರಿಯುವುದು ಕೆರೊಸಿನ್ ದೀಪ. ನಿಮ್ಮ ಕಡೆ ‘ಚಿಮಣಿ’ ಎಂದರೆ ಸಾಕು.