ಶ್ರೀಸಾಮಾನ್ಯನಿಗೆ ಕತ್ತರಿ ಬೇಡ

ಓದುಗರ ಪ್ರಶ್ನೆ: ರಾಬರ್ಟ್ ಬೋಲ್ಟ್‌ನ ‘ಎ ಮ್ಯಾನ್ ಫಾರ್ ಆಲ್ ಸೀಸನ್ಸ್’ ಸಿನಿಮಾ ಮೆಚ್ಚಿ, ಆಮೇಲೆ ನಾಟಕ ಓದಿದೆವು. ನಾಟಕದ ನಿರೂಪಕ ‘ಕಾಮನ್ ಮ್ಯಾನ್’ (ಶ್ರೀಸಾಮಾನ್ಯ) ಸಿನಿಮಾದಲ್ಲಿ ಇಲ್ಲವೇ ಇಲ್ಲ. ನಮ್ಮ ಹವ್ಯಾಸಿ ತಂಡದ ಪ್ರಯೋಗದಲ್ಲೂ ಅವನನ್ನು ಬಿಡಬಹುದೇ?

ಸಂಪಾದಕರ ಉತ್ತರ: ಬಿಡಬೇಡಿ. ಒಬ್ಬ ನಟ ಉಳಿದ ಅಂದುಕೊಂಡರೆ ಐದಾರು ಜನ ಹೆಚ್ಚಿಗೆ ಬೇಕಾಗುತ್ತಾರೆ. ದೊರೆ ಎಂಟನೇ ಹೆನ್ರಿಗೆ ಮಣಿಯದೆ ತಲೆ ಕೊಟ್ಟ ನಾಯಕ ಥಾಮಸ್ ಮೋರ್‌ನ ಮನೆಯಾಳು, ದೋಣಿಯವ, ಹೆಂಡದಂಗಡಿಯವ, ಜೈಲಿನ ಕಾವಲುಗಾರ, ಜ್ಯೂರಿಯ ಮುಖ್ಯಸ್ಥ, ಕೊನೆಗೆ ತಲೆ ಕಡಿಯುವವ, ಎಲ್ಲ ಅವನೇ. ಬುಟ್ಟಿಯಿಂದ ಟೊಪ್ಪಿಗೆ, ಅಂಗಿ ತೆಗೆದು ಪ್ರೇಕ್ಷಕರೆದುರೇ ವೇಷ ಬದಲಿಸುತ್ತಾನೆ. ಅಷ್ಟರಲ್ಲಿ ರಂಗದ ಮೇಲೆ ಊರೂ ಬದಲಾಗಿರುತ್ತದೆ. ಎರಡನೇ ಅಂಕ ಶುರುವಾದಾಗ ಕಥೆ 1530ರಿಂದ 1532ಕ್ಕೆ ಜಿಗಿದಿದೆ ಎಂದು ಹೇಳುವವನೂ ಅವನೇ. ವಿಚಾರಣೆಯಲ್ಲಿ ಕೋಲುಗಳ ಮೇಲೆ ಟೊಪ್ಪಿಗೆ ಸಿಕ್ಕಿಸಿದರೆ ಜ್ಯೂರಿ ತಯಾರು. ಮೋರ್ ಅಪರಾಧಿ ಎಂದು ಹೆದರಿ ಒಪ್ಪಿಕೊಳ್ಳುವ ಬಾಯಿ ಇವನದು. ನಾಟಕದ ಕುಟುಕು ಇರುವುದೇ ಅಲ್ಲಿ.

ತಂಡಗಳು ಎಡವುವುದು ಎರಡು ಕಡೆ. ಒಂದು, ಈ ಪಾತ್ರವನ್ನು ಚಪ್ಪಾಳೆ ಗಿಟ್ಟಿಸುವ ಹಾಸ್ಯನಟನಿಗೆ ಕೊಡುವುದು; ಹಾಗಾದರೆ ಕೊನೆಯ ಕೊಡಲಿಗೆ ತೂಕವಿರುವುದಿಲ್ಲ. ಇನ್ನೊಂದು, ವೇಷ ಬದಲಿಸಲು ಸೈಡ್ ವಿಂಗಿಗೆ ಕಳಿಸುವುದು. ಪ್ರತಿ ಸಲವೂ ನಾಟಕ ನಿಂತುಹೋಗುತ್ತದೆ.

ಹಾಗಿದ್ದರೆ ಬೋಲ್ಟ್ ತಾನೇ ಅವನನ್ನು ಏಕೆ ಕೈಬಿಟ್ಟ? ಈ ಕಥೆ 1954ರಲ್ಲಿ ಬಿಬಿಸಿ ರೇಡಿಯೊಗೆ, 1957ರಲ್ಲಿ ಟೆಲಿವಿಷನ್‌ಗೆ, 1960ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರಕ್ಕೆ ಬಂತು. ಸಿನಿಮಾ ಆದದ್ದು 1966ರಲ್ಲಿ. ನಡುವಿನ ಆರು ವರ್ಷಗಳಲ್ಲಿ ಮಾಜಿ ಮೇಷ್ಟ್ರಾದ ಬೋಲ್ಟ್ ನಿರ್ದೇಶಕ ಡೇವಿಡ್ ಲೀನ್‌ಗೆ ಎರಡು ಚಿತ್ರಕಥೆ ಬರೆದಿದ್ದ. ‘ಲಾರೆನ್ಸ್ ಆಫ್ ಅರೇಬಿಯಾ’ಕ್ಕೆ ಕರೆದದ್ದು ಸಂಭಾಷಣೆ ತಿದ್ದಲು, ಅದು ಪೂರ್ತಿ ಬರವಣಿಗೆಯೇ ಆಯಿತು. ಮರುಭೂಮಿಯ ಬಾವಿಯ ಬಳಿ ದೂರದ ಚುಕ್ಕೆಯೊಂದು ನಿಧಾನವಾಗಿ ಒಂಟೆ ಸವಾರನಾಗುವ ದೃಶ್ಯ ನೆನಪಿಸಿಕೊಳ್ಳಿ, ಮಾತು ಎಷ್ಟಿದೆ? ಹೇಳಬೇಕಾದ್ದನ್ನು ಚಿತ್ರವೇ ಹೇಳುತ್ತದೆ. ಎರಡನೆಯದಾದ ‘ಡಾಕ್ಟರ್ ಝಿವಾಗೊ’ದ ಚಿತ್ರಕಥೆಗೆ ಆಸ್ಕರ್ ಬಂತು, ಮರುವರ್ಷ ಮೋರ್‌ನ ಚಿತ್ರಕ್ಕೂ.

ಮೋರ್‌ನ ಚಿತ್ರದಲ್ಲಿ ದೃಶ್ಯದಿಂದ ದೃಶ್ಯಕ್ಕೆ ದಾಟಿಸಲು ಥೇಮ್ಸ್ ನದಿಯಿದೆ, ನಿಜವಾದ ದೋಣಿಗಳಿವೆ. ಕ್ಯಾಮೆರಾಗೆ ನಿರೂಪಕ ಬೇಕಿಲ್ಲ. ಆದರೆ ಸೈತಾನನಿಗೂ ಕಾನೂನಿನ ಆಸರೆ ಕೊಡುತ್ತೇನೆಂದು ಮೋರ್ ತನ್ನ ಅಳಿಯನಾಗಲಿರುವ ರೋಪರ್‌ನೊಡನೆ ವಾದಿಸುವ ಮಾತನ್ನು ಬೋಲ್ಟ್ ಬಿಡಲಿಲ್ಲ. ಜಾಣ! ಲಂಡನ್ನಿನಲ್ಲಿ ಶ್ರೀಸಾಮಾನ್ಯನಾಗಿದ್ದ ಲಿಯೊ ಮೆಕರ್ನ್ ಸಿನಿಮಾದಲ್ಲಿ ಮೋರ್‌ನನ್ನು ಸಿಕ್ಕಿಸುವ ಕ್ರಾಮ್‌ವೆಲ್ ಆದ.

ಇನ್ನೊಂದು ಮಾತು: ಬೋಲ್ಟ್ ತೀರಿಕೊಂಡದ್ದು 1995ರಲ್ಲಿ, ನಮ್ಮಲ್ಲಿ ಕೃತಿಸ್ವಾಮ್ಯ ಲೇಖಕರ ನಂತರ 60 ವರ್ಷ. ಅನುವಾದಕ್ಕೂ ಪ್ರಯೋಗಕ್ಕೂ ಹಕ್ಕುದಾರರ ಒಪ್ಪಿಗೆ ಪಡೆದೇ ತಾಲೀಮು ಶುರುಮಾಡಿ.